ಅಜ್ಜಿಯ ಸಂಚಿಯಲ್ಲಿ ಹೊಗೆಸೊಪ್ಪು

ಹಲ್ಲು ಉದುರಿದ ಮೇಲೂ ಎಲೆಯಡಿಕೆ ಬಿಡಲಾಗದ ಹಿರಿಯರಿಗೆಂದೇ ಹುಟ್ಟಿಕೊಂಡ ಪುಟ್ಟ ಉಪಕರಣವೊಂದು ಕನ್ನಡ ನಾಡಿನ ಹಳ್ಳಿಮನೆಗಳಲ್ಲಿದೆ. ಅದೇ ಕುಟ್ಟಾಣಿ. ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕ ಲೋಹದ ಒರಳು, ಅದಕ್ಕೆ ತಕ್ಕ ಸಣ್ಣದೊಂದು ಹಾರೆ. ಎಲೆ, ಅಡಿಕೆ, ಸುಣ್ಣ, ಜತೆಗೆ ಒಂದು ಎಸಳು ಹೊಗೆಸೊಪ್ಪು ಹಾಕಿ ಕುಟ್ಟಿದರೆ ದವಡೆ ಮಾಡಬೇಕಾದ ಕೆಲಸವನ್ನು ಕಬ್ಬಿಣವೇ ಮಾಡಿ ಮುಗಿಸುತ್ತದೆ. ಅಜ್ಜಿಗೆ ಕುಟ್ಟಿಕೊಡುವ ಕೆಲಸ ಸಾಮಾನ್ಯವಾಗಿ ಮೊಮ್ಮಕ್ಕಳದು. ಹೊಗೆಸೊಪ್ಪು ತೀರಿದರೆ ಅಂಗಡಿಗೆ ಓಡುವುದೂ ಅವರೇ.

ಅದೇ ಮನೆಯಲ್ಲಿ ಹದಿನೆಂಟರ ಹುಡುಗನ ಜೇಬಿನಲ್ಲಿ ಸಿಗರೇಟು ಸಿಕ್ಕರೆ ರಂಪವೇ ಆಗುತ್ತದೆ. ಭಾಷೆಯೂ ಈ ಭೇದವನ್ನು ಒಪ್ಪಿಕೊಂಡುಬಿಟ್ಟಿದೆ. ಹುಡುಗನದು ‘ಚಟ’, ಅಜ್ಜನದು ‘ಅಭ್ಯಾಸ’. ನಡುವಯಸ್ಸಿನವನು ‘ಕುಡುಕ’ನಾದರೆ, ಎಪ್ಪತ್ತರ ಹಿರಿಯರು ‘ಸ್ವಲ್ಪ ತಗೋತಾರೆ’. ನಿದ್ರೆ ಗುಳಿಗೆಗಂತೂ ಹೆಸರೇ ಇಲ್ಲ, ಅದು ಬರೀ ‘ರಾತ್ರಿ ಮಾತ್ರೆ’. ಮುಪ್ಪಿನ ವ್ಯಸನ ಕಣ್ಣೆದುರೇ ಇದ್ದೂ ಕಾಣದಿರುವುದಕ್ಕೆ ಈ ಮಾತಿನ ಮರ್ಯಾದೆಯೂ ಒಂದು ಕಾರಣ.

ಈ ಮರ್ಯಾದೆ ಎಲ್ಲಿಂದ ಬಂತು ಎಂದು ಹುಡುಕಿದರೆ ಮೊದಲು ಸಿಗುವುದು ತಾಂಬೂಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ರಾಜಭೋಗಗಳ ಸಾಲಿನಲ್ಲಿ ತಾಂಬೂಲ ಭೋಗಕ್ಕೂ ಸ್ಥಾನವಿದೆ. ತಾಂಬೂಲಕ್ಕೆ ಹದಿಮೂರು ಗುಣಗಳೆಂಬ ಮಾತು ಸಂಸ್ಕೃತದಲ್ಲಿ ಪ್ರಸಿದ್ಧ. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ವೀಳ್ಯದೆಲೆಯ ಗುಣವನ್ನು ಬೆರಗಿನಿಂದ ವರ್ಣಿಸಿದ್ದಾನೆ. ಆದರೆ ಇವರಾರಿಗೂ ಹೊಗೆಸೊಪ್ಪಿನ ಹೆಸರೇ ಗೊತ್ತಿರಲಿಲ್ಲ. ಗೊತ್ತಿರಲು ಸಾಧ್ಯವೂ ಇರಲಿಲ್ಲ, ಏಕೆಂದರೆ ಅದು ಅಮೆರಿಕ ಖಂಡದ ಗಿಡ. ಮೆಣಸಿನಕಾಯಿಯಂತೆ ಅದೂ ಪೋರ್ಚುಗೀಸರ ಹಡಗು ಬಂದ ಮೇಲಿನ ಸಂಗತಿ. ಅಜ್ಜಿಯ ಸಂಚಿಯಲ್ಲಿ ಸಾವಿರ ವರ್ಷದ ಹಳೆಯ ಎಲೆಯೂ ನಾನೂರು ವರ್ಷದ ಹೊಸ ಎಲೆಯೂ ಒಂದೇ ಮಡಿಕೆಯಲ್ಲಿ ಕುಳಿತಿವೆ. ಹಳೆಯದಕ್ಕಿದ್ದ ಗೌರವ ಹೊಸದಕ್ಕೂ ಸಲೀಸಾಗಿ ಅಂಟಿಕೊಂಡಿತು.

ಆ ಹೊಸ ಎಲೆ ಉತ್ತರ ಭಾರತದ ದೊರೆಯನ್ನು ಮುಟ್ಟಿದ್ದು ಕರ್ನಾಟಕದ ವಿಜಾಪುರದಿಂದ ಎಂಬುದು ಸ್ವಾರಸ್ಯದ ಸಂಗತಿ. ಅಕ್ಬರನ ಅಧಿಕಾರಿ ಅಸದ್ ಬೇಗ್ ಇಬ್ರಾಹಿಂ ಆದಿಲ್‌ಶಾಹನ ಆಸ್ಥಾನಕ್ಕೆ ರಾಜಕಾರ್ಯದ ಮೇಲೆ ಬಂದವನು ಅಲ್ಲಿ ತಂಬಾಕನ್ನು ಕಂಡ. ಭಾರತದಲ್ಲಿ ತಾನು ಅಂಥದ್ದನ್ನು ಹಿಂದೆಂದೂ ಕಂಡಿರಲಿಲ್ಲ ಎಂದು ಬರೆದಿಟ್ಟಿದ್ದಾನೆ. ಒಂದಷ್ಟನ್ನು ಕಟ್ಟಿಕೊಂಡು, ರತ್ನ ಕೆತ್ತಿಸಿದ ಚೆಂದದ ಕೊಳವೆಯೊಂದನ್ನು ಸಿದ್ಧಪಡಿಸಿ ಆಗ್ರಾದಲ್ಲಿ ಬಾದಷಹನ ಮುಂದಿಟ್ಟ. ಇದು ನಡೆದದ್ದು 1605ರ ಸುಮಾರಿಗೆ. ಆಗ ಅಕ್ಬರನಿಗೆ ಅರವತ್ತೆರಡರ ಆಸುಪಾಸು, ಅಂದರೆ ಇಂದಿನ ಲೆಕ್ಕದಲ್ಲಿ ಹಿರಿಯ ನಾಗರಿಕ.

ದರ್ಬಾರಿನಲ್ಲಿ ನಡೆದ ವಾದ ಇಂದಿಗೂ ಮನೆಮನೆಯಲ್ಲಿ ನಡೆಯುವಂಥದ್ದೇ. ಇದು ಮೆಕ್ಕಾ ಮದೀನಾಗಳಲ್ಲಿ ಎಲ್ಲರಿಗೂ ಗೊತ್ತಿರುವ ವಸ್ತು, ತಮಗೆ ಔಷಧಿಯೆಂದು ತಂದಿದ್ದಾರೆ ಎಂದು ಆಸ್ಥಾನದ ಹಿರಿಯನೊಬ್ಬ ಹೇಳಿದ. ಹಕೀಮ ತಡೆದ. ನಮ್ಮ ಗ್ರಂಥಗಳಲ್ಲಿ ಇದರ ಗುಣದೋಷ ಬರೆದಿಲ್ಲ, ಪರೀಕ್ಷಿಸದೆ ಸೇವಿಸಬಾರದು ಎಂಬುದು ಅವನ ನಿಲುವು. ಜಗತ್ತಿನಲ್ಲಿ ಎಲ್ಲ ರೂಢಿಯೂ ಒಂದು ಕಾಲಕ್ಕೆ ಹೊಸದೇ ಆಗಿತ್ತಲ್ಲ ಎಂದು ಅಸದ್ ಬೇಗ್ ವಾದಿಸಿದ. ಅಕ್ಬರ್ ಒಂದೆರಡು ಬಾರಿ ಎಳೆದನಾದರೂ ಅದನ್ನು ರೂಢಿ ಮಾಡಿಕೊಳ್ಳಲಿಲ್ಲ. ಆದರೆ ಸರದಾರರಿಗೆ ಹಂಚಿದ ತಂಬಾಕು ಬೇಗ ಹಬ್ಬಿತು, ವ್ಯಾಪಾರಿಗಳು ಮಾರತೊಡಗಿದರು. 1617ರಲ್ಲಿ ಜಹಾಂಗೀರ್ ತಂಬಾಕನ್ನು ನಿಷೇಧಿಸಿದ. ಆ ಆಜ್ಞೆಯಿಂದ ಏನೂ ಆಗಲಿಲ್ಲ ಎಂಬುದಕ್ಕೆ ನಾಡಿನ ಹೊಲಗಳೇ ಸಾಕ್ಷಿ. 19ನೆಯ ಶತಮಾನದ ಹೊತ್ತಿಗೆ ಗುಡುಗುಡಿ ಎಷ್ಟು ಮನೆಮಾತಾಗಿತ್ತೆಂದರೆ ಶಿಶುನಾಳ ಷರೀಫರು ಅದನ್ನೇ ರೂಪಕವಾಗಿಸಿ ತತ್ತ್ವಪದ ಹಾಡಿದರು.

ಹಕೀಮನ ಮಾತನ್ನು ಮರೆತ ಜನ ‘ಔಷಧಿ’ ಎಂಬ ಮಾತನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡರು. ಹಲ್ಲುನೋವಿಗೆ ಹೊಗೆಸೊಪ್ಪು, ನೆಗಡಿಗೆ ನಶ್ಯ, ಹೊಟ್ಟೆಯುಬ್ಬರಕ್ಕೆ ಬೆಳಗಿನ ಬೀಡಿ, ಮೈಕೈ ನೋವಿಗೆ ಸಾರಾಯಿ. ಹೊಗೆಸೊಪ್ಪು ಹಸಿವನ್ನು ಮುಚ್ಚುತ್ತದೆ ಎಂಬುದೂ ನಿಜ. ನಿಕೋಟಿನ್‌ಗೆ ಆ ಗುಣವಿದೆ. ಬೆಳಗಿನಿಂದ ಕೆಸರಿನಲ್ಲಿ ಬಗ್ಗಿ ನಾಟಿ ಹಾಕುವ ಹೆಂಗಸು ಮಧ್ಯಾಹ್ನದ ಮುದ್ದೆ ಬರುವ ತನಕ ದವಡೆಯಲ್ಲಿ ಎಲೆಯಡಿಕೆ ಇಟ್ಟುಕೊಳ್ಳುವುದು ಷೋಕಿಗಲ್ಲ. ಹೀಗೆ ಇಪ್ಪತ್ತರಲ್ಲಿ ಹಸಿವಿಗೆಂದು ಹಿಡಿದದ್ದು ಎಪ್ಪತ್ತರಲ್ಲಿ ಹಸಿವೇ ಇಲ್ಲದಾಗಲೂ ಬಿಡುವುದಿಲ್ಲ. ಮೇಲ್ಜಾತಿಯ ಮನೆಗಳಲ್ಲಿ ಮಂಗಳದ ಕುರುಹಾದ ತಾಂಬೂಲ ವಿಧವೆಗೆ ನಿಷಿದ್ಧವಾಗಿತ್ತು. ನಶ್ಯದ ಡಬ್ಬಿಗೆ ಆ ನಿಷೇಧ ಇರಲಿಲ್ಲ. ಮಡಿ ಹೆಂಗಸರ ಸೊಂಟದಲ್ಲಿ ಅದು ಕಾಣಿಸಿಕೊಂಡದ್ದಕ್ಕೆ ರುಚಿಗಿಂತ ಈ ಲೆಕ್ಕಾಚಾರವೇ ಕಾರಣವಿರಬೇಕು.

ಅಫೀಮಿನ ಕಥೆ ಇದಕ್ಕಿಂತ ಬೇರೆಯಲ್ಲ. ಬ್ರಿಟಿಷ್ ಸರ್ಕಾರ ನೇಮಿಸಿದ ರಾಯಲ್ ಅಫೀಮು ಆಯೋಗದ ಮುಂದೆ, 1893ರಿಂದ 1895ರವರೆಗೆ, ನಲವತ್ತು ದಾಟಿದವರಿಗೆ ದಿನಕ್ಕೊಂದು ಗುಲಗಂಜಿಯಷ್ಟು ಅಫೀಮು ಮೈಗೆ ಒಳ್ಳೆಯದೆಂದು ಸಾಕ್ಷಿ ಹೇಳಿದವರು ಹಲವರು. ಕಂದಾಯದ ಚಿಂತೆಯಿದ್ದ ಸರ್ಕಾರಕ್ಕೆ ಆ ಮಾತು ಇಷ್ಟವಾದದ್ದು ಸಹಜ. ಸ್ವಾತಂತ್ರ್ಯ ಬಂದ ಮೇಲೆ, 1949ರಲ್ಲಿ, ಹತ್ತು ವರ್ಷದೊಳಗೆ ಔಷಧೇತರ ಅಫೀಮು ಬಳಕೆ ನಿಲ್ಲಿಸುವ ತೀರ್ಮಾನವಾಯಿತು. 1959ರ ನಂತರ ಅದು ನೋಂದಾಯಿಸಿಕೊಂಡ ವ್ಯಸನಿಗಳಿಗೆ ಮಾತ್ರ ಸರ್ಕಾರದಿಂದ ಸಿಗುವ ವಸ್ತುವಾಯಿತು.

ಇನ್ನು ದೇಹದ ಲೆಕ್ಕಕ್ಕೆ ಬರೋಣ. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆಯಲ್ಲಿ 1982ರಿಂದ ನಗರದ ಕ್ಯಾನ್ಸರ್ ರೋಗಿಗಳ ನೋಂದಣಿ ನಡೆಯುತ್ತಿದೆ. ಅದರ ಆರಂಭದ ವರ್ಷಗಳ ಅಂಕಿ ಅಂಶ ಒಂದು ವಿಚಿತ್ರವನ್ನು ತೋರಿಸಿತು. ಬಾಯಿಯ ಕ್ಯಾನ್ಸರ್ ಗಂಡಸರಿಗಿಂತ ಹೆಂಗಸರಲ್ಲೇ ಹೆಚ್ಚು! ಸಿಗರೇಟು ಬೀಡಿ ಸೇದದ, ಹೆಂಡದಂಗಡಿ ಕಾಣದ ಹೆಂಗಸರಿಗೆ ಇದೇಕೆ? ಉತ್ತರ ಸಂಚಿಯಲ್ಲಿತ್ತು. 1990ರಲ್ಲಿ ಪ್ರಕಟವಾದ ಬೆಂಗಳೂರಿನ ಅಧ್ಯಯನವೊಂದರ ಪ್ರಕಾರ ಹೊಗೆಸೊಪ್ಪು ಸೇರಿಸಿ ಎಲೆಯಡಿಕೆ ಜಗಿಯುವ ಹೆಂಗಸರಿಗೆ, ಜಗಿಯದವರಿಗೆ ಹೋಲಿಸಿದರೆ, ಬಾಯಿ ಕ್ಯಾನ್ಸರಿನ ಅಪಾಯ ಸುಮಾರು 25 ಪಟ್ಟು. ಎಷ್ಟು ವರ್ಷ, ದಿನಕ್ಕೆ ಎಷ್ಟು ಸಲ, ಎಷ್ಟು ಹೊತ್ತು ಎಂಬುದು ಏರಿದಂತೆ ಅಪಾಯವೂ ಏರುತ್ತದೆ. ವಯಸ್ಸಾದವರಲ್ಲಿ ಈ ಮೂರೂ ಏರಿಯೇ ಇರುತ್ತವೆ. ಕೆಲವರಿಗಂತೂ ದವಡೆಯಲ್ಲಿ ಒತ್ತಿಕೊಳ್ಳದಿದ್ದರೆ ನಿದ್ರೆಯೇ ಬಾರದು.

ಲಿಯೋನ್ ನಗರದಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಹೊಗೆಸೊಪ್ಪು ಬೆರೆಸಿದ ಎಲೆಯಡಿಕೆಯನ್ನು 1985ರಲ್ಲೇ ಕ್ಯಾನ್ಸರ್‌ಕಾರಕವೆಂದು ಹೇಳಿತ್ತು. 2004ರಲ್ಲಿ ಪ್ರಕಟವಾದ ವರದಿಯಲ್ಲಿ, ಹೊಗೆಸೊಪ್ಪು ಇಲ್ಲದಿದ್ದರೂ, ಬರೀ ಅಡಿಕೆಯೂ ಅದೇ ಪಟ್ಟಿಗೆ ಸೇರಿತು. ಮಲೆನಾಡು ಕರಾವಳಿಗಳ ಅಡಿಕೆ ಬೆಳೆಗಾರರಿಗೆ ಇದು ಒಪ್ಪಿಗೆಯಾಗಿಲ್ಲ, ಅವರ ಬದುಕಿನ ಪ್ರಶ್ನೆ ಇದರಲ್ಲಿದೆ. ಆದರೆ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತವರದೂ ಬದುಕಿನ ಪ್ರಶ್ನೆಯೇ. ಅಲ್ಲಿಗೆ ಅವರು ತಡವಾಗಿ ಬರುತ್ತಾರೆ. ಕೆನ್ನೆಯ ಒಳಗಿನ ಬಿಳಿ ಮಚ್ಚೆ ಸುಣ್ಣ ಸುಟ್ಟದ್ದೆಂದೂ, ವಾಸಿಯಾಗದ ಹುಣ್ಣು ಕಟ್ಟಿಸಿದ ಹಲ್ಲಿನ ಸೆಟ್ಟು ಉಜ್ಜಿದ್ದೆಂದೂ, ಬಾಯಿ ಪೂರ್ತಿ ತೆರೆಯಲಾಗದಿರುವುದು ವಯಸ್ಸಿನದೆಂದೂ ತಿಂಗಳುಗಳು ಕಳೆಯುತ್ತವೆ. ಮೂರು ವಾರಕ್ಕೂ ಮಾಯದ ಬಾಯಿಹುಣ್ಣನ್ನು ವೈದ್ಯರಿಗೆ ತೋರಿಸಲೇಬೇಕು ಎಂಬ ಸರಳ ನಿಯಮ ಹಳ್ಳಿಯ ಮನೆಗಳಿಗೆ ಇನ್ನೂ ಸರಿಯಾಗಿ ತಲುಪಿಲ್ಲ.

ತಲುಪದಿರುವುದಕ್ಕೆ ಇನ್ನೊಂದು ಕಾರಣವಿದೆ. ತಂಬಾಕು ಕುರಿತ ಕಾನೂನು, ಪ್ರಚಾರ, ಶಾಲೆಯ ಮೆರವಣಿಗೆ ಎಲ್ಲದರ ಕಣ್ಣೂ ಎಳೆಯರ ಮೇಲಿದೆ. ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿತು. ತಂಬಾಕು ಕೊಳ್ಳುವ ಕನಿಷ್ಠ ವಯಸ್ಸನ್ನು 2025ರಲ್ಲಿ 21ಕ್ಕೆ ಏರಿಸಿತು. ಇವು ಬೇಕಾದ ಕ್ರಮಗಳೇ. ಆದರೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು ವೈಯಕ್ತಿಕ ಸಂದರ್ಶನಕ್ಕೆ ಆರಿಸಿಕೊಳ್ಳುವುದು 15ರಿಂದ 49ರ ಹೆಂಗಸರನ್ನು, 54ರವರೆಗಿನ ಗಂಡಸರನ್ನು. ಆ ವಯಸ್ಸು ದಾಟಿದವರನ್ನು ಎದುರು ಕೂರಿಸಿಕೊಂಡು ನೀವೇನು ಜಗಿಯುತ್ತೀರಿ, ಏನು ಕುಡಿಯುತ್ತೀರಿ ಎಂದು ದೊಡ್ಡ ಪ್ರಮಾಣದಲ್ಲಿ ಕೇಳಿದ್ದು 2017-18ರ ವಯೋಮಾನ ಅಧ್ಯಯನ. 45 ತುಂಬಿದ 72,000ಕ್ಕೂ ಹೆಚ್ಚು ಮಂದಿಯನ್ನು ಒಳಗೊಂಡ ಅದರ ವರದಿ ಹೊರಬಂದದ್ದು 2021ರಲ್ಲಿ.

ಕುಡಿತದ ವಿಷಯದಲ್ಲಿ ನಾಡಿನ ಸಂಪ್ರದಾಯ ಹೊಗೆಸೊಪ್ಪಿನಷ್ಟು ಸಲೀಸಲ್ಲ, ಆದರೂ ಹಿರಿಯರಿಗೆ ಅಲ್ಲೊಂದು ವಿಶೇಷ ಪೀಠವಿದೆ. ಹಳೆ ಮೈಸೂರು ಸೀಮೆಯ ಹಿರಿಯರ ಹಬ್ಬದಲ್ಲಿ ಎಷ್ಟೋ ಮನೆಗಳವರು ತೀರಿಕೊಂಡ ಅಜ್ಜನಿಗೆ ಎಡೆಯಿಡುವಾಗ ಮುದ್ದೆ, ಬಾಡಿನ ಸಾರಿನ ಪಕ್ಕದಲ್ಲಿ ಒಂದು ಕಟ್ಟು ಬೀಡಿ, ಒಂದು ಬಾಟಲಿಯನ್ನೂ ಇಡುತ್ತಾರೆ. ಕೊಡಗಿನಲ್ಲಿ ಕಾರಣವರಿಗೆ ಎಡೆ ಕೊಡುವಾಗ ಮದ್ಯ ಮಾಂಸ ಇರಲೇಬೇಕು. ಸತ್ತ ಮೇಲೂ ಆಸೆ ತೀರಿಸುವ ಈ ಪ್ರೀತಿ ದೊಡ್ಡದು. ಬದುಕಿರುವ ಅಪ್ಪನಿಗೆ ‘ಈ ವಯಸ್ಸಿನಲ್ಲಿ ಇನ್ನೇನು ಬಿಡಿಸೋದು’ ಎಂದು ಮಗನೇ ಸಂಜೆ ಕ್ವಾರ್ಟರ್ ತಂದುಕೊಡುವುದರಲ್ಲೂ ಅದೇ ಪ್ರೀತಿಯಿದೆ.

ತೊಂದರೆಯೆಂದರೆ ಅಪ್ಪನ ಕ್ವಾರ್ಟರ್ ಅದೇ ಇದ್ದರೂ ಅಪ್ಪ ಅದೇ ಅಪ್ಪನಲ್ಲ. ವಯಸ್ಸಾದಂತೆ ದೇಹದಲ್ಲಿ ನೀರಿನ ಪಾಲು ಇಳಿಯುತ್ತದೆ, ಕೊಬ್ಬಿನ ಪಾಲು ಏರುತ್ತದೆ. ಮದ್ಯಸಾರ ಬೆರೆಯುವುದು ನೀರಿನಲ್ಲಿ. ಚೊಂಬಿನ ನೀರಿಗೆ ಹಾಕುತ್ತಿದ್ದ ಬೆಲ್ಲವನ್ನೇ ಲೋಟದ ನೀರಿಗೆ ಹಾಕಿದಂತೆ, ಅಷ್ಟೇ ಮದ್ಯ ರಕ್ತದಲ್ಲಿ ಹೆಚ್ಚು ಗಾಢವಾಗುತ್ತದೆ. ಅದರ ಮೇಲೆ ಸಕ್ಕರೆ ಕಾಯಿಲೆಯ, ರಕ್ತದೊತ್ತಡದ, ನಿದ್ರೆಯ ಮಾತ್ರೆಗಳು ಸೇರುತ್ತವೆ. ಸಕ್ಕರೆ ಮಾತ್ರೆ ನುಂಗಿ, ಊಟ ಬಿಟ್ಟು ಕುಡಿದವರಿಗೆ ರಾತ್ರಿ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಬಚ್ಚಲಿಗೆ ಎದ್ದಾಗ ಕಾಲು ಜಾರಿ ಬೀಳುವುದು, ಮರೆವು, ಊಟ ಸೇರದಿರುವುದು, ರಾತ್ರಿ ಹಾಸಿಗೆ ಒದ್ದೆಯಾಗುವುದು, ಎಲ್ಲಕ್ಕೂ ‘ವಯಸ್ಸಾಯಿತು’ ಎಂಬ ಒಂದೇ ಉತ್ತರ ಸಿದ್ಧವಾಗಿರುತ್ತದೆ. ಬ್ರಿಟನ್ನಿನ ಮನೋವೈದ್ಯರ ರಾಯಲ್ ಕಾಲೇಜು 2011ರಲ್ಲಿ ಈ ಕುರಿತು ತಂದ ವರದಿಗೆ ಇಟ್ಟ ಹೆಸರೇ ‘ನಮ್ಮ ಅದೃಶ್ಯ ವ್ಯಸನಿಗಳು’. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಪಾಕೆಟ್ ಸಾರಾಯಿಗೆ ಒಗ್ಗಿದ್ದ ಕೂಲಿಕಾರ ಮುದುಕರಿಗೆ ಅಗ್ಗದ ವಿಸ್ಕಿ, ರಮ್ಮುಗಳು ಸಿಕ್ಕವೇ ಹೊರತು ಚಿಕಿತ್ಸೆ ಸಿಗಲಿಲ್ಲ.

ಈ ಅದೃಶ್ಯತೆ ಪ್ರಾಣಕ್ಕೇ ಎರವಾಗುವುದು ಆಸ್ಪತ್ರೆಯಲ್ಲಿ. ಸೊಂಟದ ಮೂಳೆ ಮುರಿದು ಎಪ್ಪತ್ತರ ಹಿರಿಯರೊಬ್ಬರು ದಾಖಲಾಗುತ್ತಾರೆಂದಿಟ್ಟುಕೊಳ್ಳಿ. ಸಕ್ಕರೆ ಇದೆಯೇ, ಬಿ.ಪಿ. ಇದೆಯೇ ಎಂದು ಕೇಳಿದ ಯುವ ವೈದ್ಯರಿಗೆ, ತಾತನ ವಯಸ್ಸಿನವರನ್ನು ‘ಕುಡಿಯುತ್ತೀರಾ’ ಎಂದು ಸೊಸೆ, ಮೊಮ್ಮಕ್ಕಳ ಎದುರು ಕೇಳಲು ನಾಲಿಗೆ ಏಳುವುದಿಲ್ಲ. ಮನೆಯವರೂ ಹೇಳುವುದಿಲ್ಲ. ಎರಡು ಮೂರು ದಿನ ಮದ್ಯವಿಲ್ಲದೆ ಕಳೆಯುತ್ತಲೇ ಕೈ ನಡುಕ, ಬೆವರು, ನಿದ್ರೆಗೇಡು. ಗೋಡೆಯ ಮೇಲೆ ಹುಳು ಹರಿದಾಡುತ್ತಿವೆ ಎನ್ನುತ್ತಾರೆ, ಸತ್ತ ತಮ್ಮನೊಡನೆ ಮಾತನಾಡುತ್ತಾರೆ, ಸೂಜಿ ಕಿತ್ತೆಸೆದು ಮನೆಗೆ ಹೊರಡುತ್ತಾರೆ. ಅರಿವಳಿಕೆಯ ಪರಿಣಾಮ, ಅರಳುಮರಳು, ಗಾಳಿ ಸೋಕಿದ್ದು ಎಂದು ಬಂದವರೆಲ್ಲ ಒಂದೊಂದು ಹೇಳುತ್ತಾರೆ. ಇದು ಮದ್ಯ ಹಠಾತ್ತನೆ ನಿಂತದ್ದರಿಂದ ಬರುವ ಸನ್ನಿ. ಗುರುತಿಸಿದರೆ ಚಿಕಿತ್ಸೆ ಇದೆ. ನಿದ್ರಾಜನಕ ಔಷಧವನ್ನು ಅಳತೆಯಲ್ಲಿ ಕೊಟ್ಟು ಇಳಿಸುತ್ತಾ ಬರುವುದು, ಜತೆಗೆ ಬಿ-1 ಜೀವಸತ್ವದ ಚುಚ್ಚುಮದ್ದು. ಗುರುತಿಸದಿದ್ದರೆ ಸಾವೂ ಬರಬಹುದು. ಕುಡಿತದ ಪ್ರಮಾಣ ಮೊದಲೇ ತಿಳಿದಿದ್ದರೆ ಈ ಇಡೀ ಪ್ರಕರಣವನ್ನೇ ತಪ್ಪಿಸಬಹುದಿತ್ತು ಎಂಬುದು ಇದರಲ್ಲಿನ ದೊಡ್ಡ ಸಂಕಟ.

ನಗರದ, ಓದಿದ, ಎಲೆಯಡಿಕೆಯನ್ನೂ ಮದ್ಯವನ್ನೂ ಮುಟ್ಟದ ಮನೆಗಳಲ್ಲಿ ಮೂರನೆಯ ಅತಿಥಿಯಿದೆ. ಮಕ್ಕಳು ಅಮೆರಿಕದಲ್ಲಿ, ಯಜಮಾನರು ತೀರಿಹೋಗಿದ್ದಾರೆ, ರಾತ್ರಿ ಉದ್ದ. ಎಂದೋ ಒಮ್ಮೆ ಹದಿನೈದು ದಿನಕ್ಕೆಂದು ಬರೆದುಕೊಟ್ಟ ಆಲ್ಪ್ರಜೋಲಾಮ್ ಅಥವಾ ಡಯಜೆಪಾಮ್ ಚೀಟಿ ವರ್ಷಗಟ್ಟಲೆ ಔಷಧದಂಗಡಿಗೆ ಹೋಗಿಬರುತ್ತಿರುತ್ತದೆ. 1963ರಲ್ಲಿ ಮಾರುಕಟ್ಟೆಗೆ ಬಂದ ಡಯಜೆಪಾಮ್ ಬಗ್ಗೆ 1970ರ ದಶಕದಲ್ಲೇ ತಿಳಿದ ಸಂಗತಿಯಿದು: ದೇಹದಲ್ಲಿ ಅದರ ಅರ್ಧ ಕರಗಲು ಇಪ್ಪತ್ತರ ಯುವಕನಿಗೆ ಸುಮಾರು 20 ಗಂಟೆ ಸಾಕಾದರೆ, ಎಂಬತ್ತರ ವೃದ್ಧರಿಗೆ 90 ಗಂಟೆಯಷ್ಟು ಬೇಕು. ಅಂದರೆ ಇಂದಿನ ಮಾತ್ರೆ ಅರ್ಧ ಕರಗುವ ಮೊದಲೇ ಇನ್ನೂ ಮೂರು ಮಾತ್ರೆ ಒಳಗೆ ಸೇರಿರುತ್ತವೆ. ಹಗಲೆಲ್ಲ ಮಂಪರು, ತಡವರಿಸುವ ನಡಿಗೆ, ಮರೆವಿನ ಕಾಯಿಲೆಯೆಂದು ಭ್ರಮೆ ಹುಟ್ಟಿಸುವ ಗೊಂದಲ. ಅಮೆರಿಕದ ವೈದ್ಯ ಮಾರ್ಕ್ ಬಿಯರ್ಸ್ 1991ರಲ್ಲಿ ಹಿರಿಯರಿಗೆ ಕೊಡಬಾರದ ಔಷಧಗಳ ಪಟ್ಟಿ ಮಾಡಿದಾಗ ದೀರ್ಘಕಾಲ ಮೈಯಲ್ಲುಳಿಯುವ ಈ ಗುಳಿಗೆಗಳೂ ಅದರಲ್ಲಿದ್ದವು. ಭಾರತದಲ್ಲಿ 2014ರಿಂದ ಇವು ಎಚ್-1 ಅನುಸೂಚಿಯಲ್ಲಿವೆ. ವೈದ್ಯರ ಚೀಟಿಯಿಲ್ಲದೆ ಮಾರಕೂಡದು, ಮಾರಿದ್ದಕ್ಕೆ ಅಂಗಡಿಯವನು ಪ್ರತ್ಯೇಕ ಪುಸ್ತಕದಲ್ಲಿ ಲೆಕ್ಕ ಬರೆದಿಡಬೇಕು. ಪರಿಚಯದ ಅಂಗಡಿಗೂ ‘ಅಮ್ಮನ ಮಾತ್ರೆ’ಗೂ ಈ ನಿಯಮ ಎಷ್ಟು ಅಡ್ಡ ಬರುತ್ತದೆ ಎಂಬುದು ಓದುಗರಿಗೇ ಗೊತ್ತು.

‘ಇನ್ನೇನು ಬಿಡಿಸೋದು’ ಎಂಬ ಪ್ರಶ್ನೆಗೆ ವಿಜ್ಞಾನ ಕೊಟ್ಟ ಉತ್ತರ ಸ್ಪಷ್ಟವಾಗಿದೆ. ಬ್ರಿಟನ್ನಿನ ರಿಚರ್ಡ್ ಡಾಲ್ 1951ರಲ್ಲಿ 34,439 ಮಂದಿ ಗಂಡು ವೈದ್ಯರ ಸಿಗರೇಟು ಸೇದುವ ಅಭ್ಯಾಸ ಬರೆದುಕೊಂಡು, ಅವರು ಬದುಕಿದ್ದನ್ನೂ ಸತ್ತದ್ದನ್ನೂ ಐವತ್ತು ವರ್ಷ ಲೆಕ್ಕವಿಟ್ಟ ತಂಡದ ಮುಖ್ಯಸ್ಥರು. 2004ರಲ್ಲಿ ಆ ಅರ್ಧ ಶತಮಾನದ ಫಲಿತಾಂಶ ಪ್ರಕಟಿಸಿದಾಗ ಅವರಿಗೇ 91. ಮೂವತ್ತರಲ್ಲಿ ಬಿಟ್ಟವರಿಗೆ ಆಯುಸ್ಸು ಸುಮಾರು ಹತ್ತು ವರ್ಷ, ನಲವತ್ತರಲ್ಲಿ ಒಂಬತ್ತು, ಐವತ್ತರಲ್ಲಿ ಆರು, ಅರವತ್ತರಲ್ಲಿ ಬಿಟ್ಟವರಿಗೂ ಮೂರು ವರ್ಷ ಉಳಿಯಿತು. ಅರವತ್ತರಲ್ಲಿ ಮೂರು ವರ್ಷವೆಂದರೆ ಮೊಮ್ಮಗಳ ಮದುವೆ ನೋಡುವುದಕ್ಕೂ ನೋಡದಿರುವುದಕ್ಕೂ ಇರುವ ಅಂತರ.

ಬಿಡಿಸುವ ಬಗೆ ಮಾತ್ರ ಒಂದೊಂದಕ್ಕೆ ಒಂದೊಂದು. ಹೊಗೆಸೊಪ್ಪು, ಬೀಡಿ, ನಶ್ಯವನ್ನು ಒಮ್ಮೆಗೇ ನಿಲ್ಲಿಸಿದರೆ ಸಿಡಿಮಿಡಿ, ಮಲಬದ್ಧತೆ, ನಿದ್ರೆಗೇಡು ಬರಬಹುದು, ಪ್ರಾಣಭಯವಿಲ್ಲ. ನಿಕೋಟಿನ್ ಚೂಯಿಂಗ್ ಗಮ್ ಹಲ್ಲಿಲ್ಲದವರಿಗೆ ಉಪಯೋಗವಿಲ್ಲ, ಚರ್ಮಕ್ಕೆ ಅಂಟಿಸುವ ಪಟ್ಟಿ ಇದೆ. ಉಬ್ಬಸಕ್ಕೆ ಥಿಯೋಫಿಲಿನ್ ಮಾತ್ರೆ ನುಂಗುವವರು ಬೀಡಿ ಬಿಟ್ಟರೆ ವೈದ್ಯರಿಗೆ ತಿಳಿಸಬೇಕು, ಏಕೆಂದರೆ ಹೊಗೆ ನಿಂತ ಮೇಲೆ ಆ ಔಷಧ ಮೈಯಲ್ಲಿ ಹೆಚ್ಚು ಉಳಿಯುತ್ತದೆ, ಪ್ರಮಾಣ ತಗ್ಗಿಸಬೇಕಾಗುತ್ತದೆ. ಮದ್ಯ ಮತ್ತು ನಿದ್ರೆ ಗುಳಿಗೆಯ ಲೆಕ್ಕವೇ ಬೇರೆ. ವರ್ಷಗಟ್ಟಲೆ ದಿನವೂ ತೆಗೆದುಕೊಂಡವರು ಇವನ್ನು ಏಕಾಏಕಿ ನಿಲ್ಲಿಸಬಾರದು. ಫಿಟ್ಸ್ ಬರಬಹುದು, ಸನ್ನಿ ಬರಬಹುದು. ಗುಳಿಗೆಯನ್ನು ವಾರ, ತಿಂಗಳುಗಳ ಅವಧಿಯಲ್ಲಿ ಚೂರುಚೂರೇ ಇಳಿಸಬೇಕು. ಸಿಟ್ಟಿಗೆದ್ದ ಮಗ ಬಾಟಲಿಯನ್ನು ಚರಂಡಿಗೆ ಸುರಿಯುವುದು, ಮಗಳು ಊರಿಗೆ ಬಂದವಳು ಮಾತ್ರೆ ಡಬ್ಬಿ ಬಚ್ಚಿಡುವುದು, ಇವೆರಡೂ ಒಳ್ಳೆಯ ಉದ್ದೇಶದ ಅಪಾಯದ ಕೆಲಸಗಳು. ತಂಬಾಕು ಬಿಡಲು ರಾಷ್ಟ್ರೀಯ ಸಹಾಯವಾಣಿ 1800-11-2356, ಮನಸ್ಸಿನ ತೊಂದರೆಗೂ ವ್ಯಸನಕ್ಕೂ ಟೆಲಿ ಮಾನಸ್ 14416. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ.

ಆಸ್ಪತ್ರೆಗೆ ಹೊರಡುವಾಗ ಮನೆಯವರು ಹಳೆಯ ಚೀಟಿ, ಎಕ್ಸ್‌ರೇಗಳ ಜತೆ ಒಂದು ಹಾಳೆಯನ್ನೂ ಬರೆದಿಟ್ಟುಕೊಳ್ಳಬಹುದು. ದಿನಕ್ಕೆ ಎಷ್ಟು ಬಾರಿ ಎಲೆಯಡಿಕೆ, ಹೊಗೆಸೊಪ್ಪು ಇದೆಯೋ ಇಲ್ಲವೋ, ಎಷ್ಟು ಬೀಡಿ, ಸಂಜೆ ಎಷ್ಟು ಮದ್ಯ, ಕೊನೆಯ ಬಾರಿ ಕುಡಿದದ್ದು ಯಾವತ್ತು ಎಷ್ಟು ಹೊತ್ತಿಗೆ, ರಾತ್ರಿ ಯಾವ ಮಾತ್ರೆ, ಎಷ್ಟು ವರ್ಷದಿಂದ. ವೈದ್ಯರು ಕೇಳದಿದ್ದರೂ ಅದನ್ನು ಅವರ ಕೈಗೆ ಕೊಡಬಹುದು. ಹಿರಿಯರ ಎದುರು ಓದಿ ಹೇಳಬೇಕಾದ ಮುಜುಗರವೂ ತಪ್ಪುತ್ತದೆ.